ಮರೆವಿನ ರೋಗಕ್ಕೆ ಸರ್ಕಾರದ ಆಸರೆ

‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತನ್ನು ಕನ್ನಡಿಗರು ತಲೆಮಾರುಗಳಿಂದ ಆಡುತ್ತ ಬಂದಿದ್ದಾರೆ. ಅದರಲ್ಲಿ ಹಾಸ್ಯವಿದೆ, ಸೈರಣೆಯಿದೆ, ವಯಸ್ಸಾದವರ ಬಗೆಗೆ ಒಂದು ಬಗೆಯ ವಾತ್ಸಲ್ಯವೂ ಇದೆ. ಆದರೆ ಈ ಮಾತಿನಿಂದ ಆಗಿರುವ ಅಪಕಾರವೂ ಸಣ್ಣದಲ್ಲ. ಮುಪ್ಪಿಗೆ ಸಹಜವಾದ ಮರೆವು ಯಾವುದು, ಮಿದುಳಿನ ರೋಗದ ಫಲವಾದ ಮರೆವು ಯಾವುದು ಎಂಬ ಭೇದವನ್ನು ಅದು ಅಳಿಸಿಹಾಕುತ್ತದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮರೆಯುವುದು ಬೇರೆ. ನಲವತ್ತು ವರ್ಷ ಕೈಯಾಡಿಸಿದ ಸಾರನ್ನು ಮಾಡುವ ಕ್ರಮವೇ ಮರೆತುಹೋಗುವುದು ಬೇರೆ. ಎರಡನೆಯದಕ್ಕೆ ವೈದ್ಯಶಾಸ್ತ್ರದಲ್ಲಿ ಡಿಮೆನ್ಷಿಯಾ ಎಂದು ಹೆಸರು. ಅದು ಒಂದೇ ರೋಗವಲ್ಲ, ಹಲವು ರೋಗಗಳಿಂದ ಉಂಟಾಗುವ ಒಂದು ಸ್ಥಿತಿ. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್ ರೋಗ.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಈ ರೋಗವನ್ನು ಮೊದಲು ವರ್ಣಿಸಿದ್ದು 1906ರಲ್ಲಿ. ಅವನು ಕಂಡ ಮೊದಲ ರೋಗಿ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದಾಗ ಆಕೆಗೆ ಕೇವಲ 51 ವರ್ಷ. ಅರವತ್ತರ ಗಡಿಯನ್ನು ರೋಗವು ಅಂದೇ ಲೆಕ್ಕಿಸಿರಲಿಲ್ಲ. ಭಾರತದ ಮಟ್ಟಿಗೆ ಹೇಳುವುದಾದರೆ, 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಪ್ರಕಾರ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ತೊಂದರೆಯಿದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು. ಈ ಎಂಬತ್ತೆಂಟು ಲಕ್ಷದ ಹಿಂದೆ ಅಷ್ಟೇ ಸಂಖ್ಯೆಯ ಮನೆಗಳಿವೆ. ಪ್ರತಿ ಮನೆಯಲ್ಲಿಯೂ ಹಗಲಿರುಳು ಕಾವಲಿರುವ ಒಬ್ಬ ಹೆಂಡತಿಯೋ ಸೊಸೆಯೋ ಮಗಳೋ ಇದ್ದಾಳೆ. ಇಂಥವರಿಗೆ ಸರ್ಕಾರದಿಂದ ದೊರೆಯುವ ನೆರವು ಏನು, ಅದನ್ನು ಪಡೆಯುವ ಬಗೆ ಹೇಗೆ, ಹುಟ್ಟೂರನ್ನು ಬಿಟ್ಟು ಮುಂಬಯಿ, ಪುಣೆ, ಮದರಾಸು, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಅದು ಎಷ್ಟರಮಟ್ಟಿಗೆ ಎಟಕುತ್ತದೆ ಎಂಬುದು ಇಲ್ಲಿನ ವಿಚಾರ.

ಪರೀಕ್ಷೆ ಯಾವ ಭಾಷೆಯಲ್ಲಿ?

ವಲಸೆ ಬಂದವರ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಊರಿನಲ್ಲಿ ತಂದೆ ತೀರಿಕೊಳ್ಳುತ್ತಾರೆ. ಒಂಟಿಯಾದ ತಾಯಿಯನ್ನು ಮಗ ಡೊಂಬಿವಲಿಗೋ ಮಾಟುಂಗಕ್ಕೋ ಕರೆತರುತ್ತಾನೆ. ಆಕೆಗೆ ಹಿಂದಿ ಬಾರದು, ಮರಾಠಿ ಬಾರದು. ಆರು ತಿಂಗಳಲ್ಲಿ ಆಕೆ ಹೇಳಿದ್ದನ್ನೇ ಹೇಳತೊಡಗುತ್ತಾಳೆ, ನಡುರಾತ್ರಿ ಎದ್ದು ‘ಮನೆಗೆ ಹೋಗಬೇಕು’ ಎನ್ನುತ್ತಾಳೆ. ಆಸ್ಪತ್ರೆಯಲ್ಲಿ ತರುಣ ವೈದ್ಯರು ಹಿಂದಿಯಲ್ಲಿ ಪ್ರಶ್ನೆ ಕೇಳುತ್ತಾರೆ: ಇಂದು ತಾರೀಖು ಎಷ್ಟು, ಇದು ಯಾವ ಕಟ್ಟಡ, ಎಷ್ಟನೆಯ ಮಹಡಿ? ಜೀವಮಾನವೆಲ್ಲ ಪಂಚಾಂಗದ ತಿಥಿಯನ್ನು ಅನುಸರಿಸಿದ ಆ ಹಿರಿಯಾಕೆ ಇಂದು ಏಕಾದಶಿ ಎಂದು ಸರಿಯಾಗಿಯೇ ಹೇಳಬಲ್ಲಳು, ತಾರೀಖು ಹೇಳಲಾರಳು. ಇದರಿಂದ ರೋಗವಿಲ್ಲದವರಿಗೆ ರೋಗದ ಹಣೆಪಟ್ಟಿ ಬೀಳುವುದುಂಟು. ರೋಗವಿದ್ದವರನ್ನು ‘ಭಾಷೆ ಬಾರದು, ಅಷ್ಟೆ’ ಎಂದು ಕಳುಹಿಸಿಬಿಡುವುದೂ ಉಂಟು. ಎರಡನೆಯದೇ ಹೆಚ್ಚು ಅಪಾಯದ್ದು.

ಈ ಕೊರತೆಯನ್ನು ನೀಗಿಸುವ ಒಂದು ಸಾಧನ ಈಗ ಲಭ್ಯವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ತಜ್ಞರು ನೆನಪು, ಗಮನ, ಭಾಷೆ ಮೊದಲಾದ ಶಕ್ತಿಗಳನ್ನು ಅಳೆಯುವ ಪರೀಕ್ಷೆಗಳ ಸಂಚಯವೊಂದನ್ನು ಹಿಂದಿ, ಬಂಗಾಳಿ, ತೆಲುಗು, ಮಲೆಯಾಳಗಳ ಜೊತೆಗೆ ಕನ್ನಡದಲ್ಲಿಯೂ ಸಿದ್ಧಪಡಿಸಿದ್ದಾರೆ. ಓದುಬರಹ ಬಾರದವರನ್ನೂ ಗಮನದಲ್ಲಿರಿಸಿಕೊಂಡು ಅದನ್ನು ರಚಿಸಲಾಗಿದೆ. ಆದ್ದರಿಂದ ಪರಊರಿನ ಆಸ್ಪತ್ರೆಯಲ್ಲಿ ‘ಪರೀಕ್ಷೆಯನ್ನು ಕನ್ನಡದಲ್ಲಿ ನಡೆಸಲು ಸಾಧ್ಯವೇ’ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ. ಸಾಧ್ಯವಿಲ್ಲವೆಂದಾದರೆ ಕನ್ನಡ ಬಲ್ಲ ಮತ್ತೊಬ್ಬ ವೈದ್ಯರೋ ದಾದಿಯೋ ದುಭಾಷಿಯಾಗಿ ಕುಳಿತುಕೊಳ್ಳುವುದು ಉತ್ತಮ. ಮಗನೇ ದುಭಾಷಿಯಾದರೆ ತಾಯಿಯ ಉತ್ತರವನ್ನು ಅರಿವಿಲ್ಲದೆಯೇ ತಿದ್ದಿ ಹೇಳುತ್ತಾನೆ. ಇದು ಪ್ರೀತಿಯ ದೋಷ.

ಭಾಷೆಯ ಮಾತು ಬಂದುದರಿಂದ ಹೇಳಬೇಕಾದ ಮತ್ತೊಂದು ಸಂಗತಿಯಿದೆ. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಈ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ನಿರಕ್ಷರರಲ್ಲಿಯೂ ಈ ವ್ಯತ್ಯಾಸ ಕಂಡುಬಂದಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷು ಎಂದು ಬಾಳಿದ ಹೊರನಾಡಿನ ಕನ್ನಡಿಗರು ಇದರಿಂದ ಸ್ವಲ್ಪ ಸಂತೋಷಪಡಬಹುದು. ಆದರೆ ಇದು ರೋಗವನ್ನು ತಡೆಯುವ ತಾಯಿತವಲ್ಲ.

ವೈದ್ಯರಲ್ಲಿಗೆ ಹೋಗುವುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಮರೆವಿನ ಕೆಲವು ಕಾರಣಗಳು ಸರಿಪಡಿಸಬಹುದಾದವು. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಖಿನ್ನತೆ, ಹಲವು ಔಷಧಗಳ ಒಟ್ಟು ಪರಿಣಾಮ, ಬಿದ್ದಾಗ ತಲೆಯೊಳಗೆ ನಿಧಾನವಾಗಿ ಹೆಪ್ಪುಗಟ್ಟಿದ ರಕ್ತ ಇವೆಲ್ಲ ಆ ಪಟ್ಟಿಯಲ್ಲಿವೆ. ಶುದ್ಧ ಸಸ್ಯಾಹಾರಿಗಳಾದ ಹಿರಿಯರಲ್ಲಿ ಬಿ-12 ಜೀವಸತ್ವದ ಕೊರತೆ ಅಪರೂಪವಲ್ಲ. ಒಂದು ರಕ್ತಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ಆಲ್ಝೈಮರ್ ರೋಗಕ್ಕೆ ಮಾತ್ರ ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟೀನ್ ಮೊದಲಾದ ಗುಳಿಗೆಗಳು ಲಕ್ಷಣಗಳನ್ನು ಕೆಲಕಾಲ ಹಗುರಗೊಳಿಸುತ್ತವೆ, ಅಷ್ಟೆ.

ಸರ್ಕಾರಿ ಆಸ್ಪತ್ರೆಗಳಲ್ಲಿ

ವೃದ್ಧರ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರವು 2010–11ರಲ್ಲಿ ರಾಷ್ಟ್ರೀಯ ವೃದ್ಧರ ಆರೋಗ್ಯರಕ್ಷಣಾ ಕಾರ್ಯಕ್ರಮವನ್ನು ಆರಂಭಿಸಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ವೃದ್ಧರಿಗೆ ಪ್ರತ್ಯೇಕ ಹೊರರೋಗಿ ವಿಭಾಗ, ಹತ್ತು ಹಾಸಿಗೆಗಳ ವಾರ್ಡು, ಮೇಲ್ಮಟ್ಟದಲ್ಲಿ ಪ್ರಾದೇಶಿಕ ಕೇಂದ್ರಗಳು ಇದರ ಚೌಕಟ್ಟು. ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜು ಮತ್ತು ಜೆ. ಜೆ. ಆಸ್ಪತ್ರೆ, ಮದರಾಸು ವೈದ್ಯಕೀಯ ಕಾಲೇಜು, ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಮೊದಲ ಎಂಟು ಪ್ರಾದೇಶಿಕ ಕೇಂದ್ರಗಳಲ್ಲಿ ಸೇರಿದ್ದವು. ಚೆನ್ನೈನ ಗಿಂಡಿಯಲ್ಲಿ 200 ಹಾಸಿಗೆಗಳ ರಾಷ್ಟ್ರೀಯ ವೃದ್ಧಾಪ್ಯ ಕೇಂದ್ರವು 2024ರ ಫೆಬ್ರವರಿಯಲ್ಲಿ ಆರಂಭವಾಯಿತು. ಆ ನಗರದ ಕನ್ನಡಿಗರು ಇದರ ವಿಳಾಸವನ್ನು ಬರೆದಿಟ್ಟುಕೊಳ್ಳುವುದು ಲೇಸು.

ತಾಯಿತಂದೆಗಳು ಇನ್ನೂ ಊರಿನಲ್ಲಿಯೇ ಇದ್ದರೆ ಬೇರೊಂದು ದಾರಿಯಿದೆ. ಕರ್ನಾಟಕ ಸರ್ಕಾರವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಹಯೋಗದಲ್ಲಿ 2022ರ ಜನವರಿಯಲ್ಲಿ ‘ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ’ವನ್ನು ಕೈಗೊಂಡು, ಜಯನಗರದ ಸಾರ್ವಜನಿಕ ಆಸ್ಪತ್ರೆ, ಕೋಲಾರ ಮತ್ತು ಚಿಕ್ಕಬಳ್ಳಾಪುರಗಳಲ್ಲಿ ಮಿದುಳು ಆರೋಗ್ಯ ಚಿಕಿತ್ಸಾಲಯಗಳನ್ನು ಮೊದಲು ತೆರೆಯಿತು. ಬಳಿಕ ಅದನ್ನು ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಾವಿನಹಣ್ಣು ತರುವುದರ ಜೊತೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ತಂದೆಯ ನೆನಪಿನ ಪರೀಕ್ಷೆಯನ್ನೂ ಮಾಡಿಸಿಕೊಂಡು ಬರಬಹುದು. ಅಲ್ಲಿ ಭಾಷೆಯ ತೊಡಕಂತೂ ಇರುವುದಿಲ್ಲ.

ಆಯುಷ್ಮಾನ್ ಭಾರತ ಯೋಜನೆಯನ್ನು 2024ರ ಅಕ್ಟೋಬರ್ 29ರಿಂದ 70 ವರ್ಷ ಮೀರಿದ ಎಲ್ಲರಿಗೂ, ವರಮಾನದ ನಿರ್ಬಂಧವಿಲ್ಲದೆ, ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿಗಳವರೆಗೆ ವಿಸ್ತರಿಸಲಾಗಿದೆ. ಆದರೆ ಇದರ ಮಿತಿಯನ್ನು ತಿಳಿದಿರಬೇಕು. ಅದು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ ಮಾತ್ರ. ಮರೆವಿನ ರೋಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ನುಂಗುವಾಗ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆದರೆ ಇದು ಒದಗುತ್ತದೆ. ಉಳಿದಂತೆ ವರ್ಷಗಟ್ಟಲೆ ಮನೆಯಲ್ಲಿಯೇ ನಡೆಯುವ ಸ್ನಾನ, ಊಟ, ಕಾವಲುಗಳ ವೆಚ್ಚಕ್ಕೆ ಇದರಿಂದ ಒಂದು ಕಾಸೂ ಬಾರದು. ಈ ರೋಗದ ನಿಜವಾದ ಹೊರೆ ಇರುವುದಾದರೋ ಅಲ್ಲಿಯೇ. ಜಪಾನಿನಲ್ಲಿ 2000ದಿಂದ ದೀರ್ಘಕಾಲದ ಆರೈಕೆಗೆಂದೇ ಸಾಮಾಜಿಕ ವಿಮೆಯಿದೆ. ನಲವತ್ತು ದಾಟಿದವರೆಲ್ಲರೂ ಅದಕ್ಕೆ ವಂತಿಗೆ ತೆರುತ್ತಾರೆ. ಅಂಥದೊಂದು ವ್ಯವಸ್ಥೆ ಭಾರತದಲ್ಲಿ ಇನ್ನೂ ರೂಪುಗೊಂಡಿಲ್ಲ.

ಪ್ರಮಾಣಪತ್ರದ ಪ್ರಶ್ನೆ

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ 21 ಬಗೆಯ ವೈಕಲ್ಯಗಳನ್ನು ಹೆಸರಿಸಲಾಗಿದೆ. ಡಿಮೆನ್ಷಿಯಾ ಎಂಬ ಹೆಸರು ಆ ಪಟ್ಟಿಯಲ್ಲಿಲ್ಲ. ಇದನ್ನು ನೋಡಿ ಎಷ್ಟೋ ಕುಟುಂಬಗಳು ಅರ್ಜಿ ಹಾಕುವುದನ್ನೇ ಬಿಟ್ಟುಬಿಡುತ್ತವೆ. ಆದರೆ ಅದೇ ಕಾಯಿದೆಯಲ್ಲಿ ‘ಮಾನಸಿಕ ಅಸ್ವಸ್ಥತೆ’ ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಆಲೋಚನೆ, ಭಾವ, ಗ್ರಹಿಕೆಗಳ ಜೊತೆಗೆ ನೆನಪಿನ ಗಂಭೀರ ಏರುಪೇರೂ ಸೇರಿದೆ. ಆ ಶೀರ್ಷಿಕೆಯಡಿಯಲ್ಲಿ ಪ್ರಮಾಣಪತ್ರ ಕೇಳಬಹುದು. ರೋಗಿಯು ತನ್ನ ಮೈಯ ಆರೈಕೆಯನ್ನು ಎಷ್ಟು ಮಾಡಿಕೊಳ್ಳಬಲ್ಲ, ಇತರರೊಡನೆ ಹೇಗೆ ವರ್ತಿಸುತ್ತಾನೆ, ಮಾತು ಎಷ್ಟು ತಿಳಿಯುತ್ತದೆ, ಕೆಲಸಕಾರ್ಯ ಎಷ್ಟು ಸಾಗುತ್ತದೆ, ರೋಗ ಎಷ್ಟು ಕಾಲದಿಂದ ಇದೆ ಎಂಬುವುಗಳಿಗೆ ಅಂಕ ಕೊಟ್ಟು ವೈಕಲ್ಯದ ಪ್ರಮಾಣವನ್ನು ನಿರ್ಧರಿಸುತ್ತಾರೆ. ಅದು ಶೇಕಡಾ 40 ಅಥವಾ ಮೇಲ್ಪಟ್ಟಿದ್ದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಮಂಡಳಿಯ ಮುಂದೆ ಹಾಜರಾದ ಹೊತ್ತಿನಲ್ಲಿ ರೋಗಿ ಅಚ್ಚುಕಟ್ಟಾಗಿ ಬಟ್ಟೆ ತೊಟ್ಟು, ಕೈಮುಗಿದು, ನಗುನಗುತ್ತ ಉತ್ತರಿಸಿ ‘ಇವರಿಗೇನಾಗಿದೆ’ ಎನ್ನುವಂತೆ ಮಾಡುವುದು ಸಾಮಾನ್ಯ. ಆದುದರಿಂದ ಮನೆಯಲ್ಲಿ ನಡೆಯುವುದನ್ನು, ಎಷ್ಟು ಸಲ ದಾರಿ ತಪ್ಪಿದರು, ಎಂದಿನಿಂದ ತಾವಾಗಿ ಸ್ನಾನ ಮಾಡುತ್ತಿಲ್ಲ ಎಂಬುದನ್ನೆಲ್ಲ, ದಿನಾಂಕಸಹಿತ ಬರೆದ ಒಂದು ಹಾಳೆಯನ್ನು ಜೊತೆಯಲ್ಲಿ ಒಯ್ಯುವುದು ಬುದ್ಧಿವಂತಿಕೆ.

ಹೊರರಾಜ್ಯದವರಿಗೆ ಇಲ್ಲಿ ಒಂದು ಅನುಕೂಲವಿದೆ. ಅರ್ಜಿಯನ್ನು ವಾಸಸ್ಥಳದ ಜಿಲ್ಲೆಯಲ್ಲಿಯೇ ಕೊಡಬೇಕೆಂದಿಲ್ಲ. ಚಿಕಿತ್ಸೆ ನಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗೂ ಕೊಡಲು ನಿಯಮ ಅವಕಾಶ ಮಾಡಿದೆ. ಹೀಗೆ ಪಡೆದ ಗುರುತಿನ ಚೀಟಿ ದೇಶದಾದ್ಯಂತ ಮಾನ್ಯ. ಅಡ್ಡಿ ಬರುವುದು ರಾಜ್ಯ ಸರ್ಕಾರಗಳ ಮಾಸಾಶನಗಳಲ್ಲಿ. ಅವುಗಳಿಗೆ ಆಯಾ ರಾಜ್ಯದ ನಿವಾಸಿಯೆಂಬ ದಾಖಲೆ ಬೇಕು. ಆಧಾರ್ ಚೀಟಿಯಲ್ಲಿ ಇನ್ನೂ ಗದಗಿನ ವಿಳಾಸವಿದ್ದು ವಾಸ ಮಾತ್ರ ಠಾಣೆಯಲ್ಲಿದ್ದರೆ ಎರಡು ಕಡೆಯೂ ಇಲ್ಲದಂತಾಗುತ್ತದೆ.

ಶುಶ್ರೂಷೆಗೆ ನಿಂತವರಿಗೆ ನೇರವಾಗಿ ಹಣ ಕೊಡುವ ವಿಚಾರದಲ್ಲಿ ಕೇರಳ ಮುಂದಿದೆ. ಹಾಸಿಗೆ ಹಿಡಿದ ರೋಗಿಗಳನ್ನು ನೋಡಿಕೊಳ್ಳುವವರಿಗಾಗಿ ಅಲ್ಲಿ ‘ಆಶ್ವಾಸಕಿರಣಂ’ ಎಂಬ ಯೋಜನೆಯಿದ್ದು, ತಿಂಗಳಿಗೆ 600 ರೂಪಾಯಿ ನಿಗದಿಯಾಗಿದೆ. ಮೊತ್ತ ಅಲ್ಪವೇ ಸರಿ. ಮನೆಯೊಳಗಿನ ಆರೈಕೆಯೂ ಒಂದು ದುಡಿಮೆಯೆಂದು ಸರ್ಕಾರವೊಂದು ಒಪ್ಪಿಕೊಂಡದ್ದು ಅಲ್ಪವಲ್ಲ. ಮರೆವಿನ ರೋಗಕ್ಕೆಂದೇ ಆ ರಾಜ್ಯವು 2014ರಲ್ಲಿ ‘ಸ್ಮೃತಿಪಥಂ’ ಎಂಬ ಕಾರ್ಯಕ್ರಮವನ್ನೂ ಹಮ್ಮಿಕೊಂಡಿತು. ಕರ್ನಾಟಕವು 2024–25ರ ಆಯವ್ಯಯದಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿಗಳ ಭತ್ಯೆಯನ್ನು ಘೋಷಿಸಿದಾಗ ಪಾರ್ಕಿನ್‌ಸನ್, ಸೆರೆಬ್ರಲ್ ಪಾಲ್ಸಿಗಳಂಥ ಕೆಲವು ರೋಗಗಳನ್ನು ಹೆಸರಿಸಿತು. ಆ ಹೆಸರುಗಳಲ್ಲಿ ಡಿಮೆನ್ಷಿಯಾ ಇರಲಿಲ್ಲ. ಕನ್ನಡ ಸಂಘಗಳು ಮನವಿ ಸಲ್ಲಿಸಬಹುದಾದ ವಿಷಯವೊಂದಿದ್ದರೆ ಇದೇ.

ಕೇಂದ್ರದ ‘ಅಟಲ್ ವಯೋ ಅಭ್ಯುದಯ’ ಯೋಜನೆಯಲ್ಲಿ ಆಲ್ಝೈಮರ್ ಮತ್ತು ಡಿಮೆನ್ಷಿಯಾ ರೋಗಿಗಳ ವಸತಿಗೃಹ ನಡೆಸುವ ಸಂಸ್ಥೆಗಳಿಗೆ ಅನುದಾನಕ್ಕೆ ಅವಕಾಶವಿದೆ. ಈ ಅನುದಾನ ಸಂಸ್ಥೆಗಳಿಗೆ ಸಲ್ಲುವಂಥದು, ಮನೆಗಳಿಗಲ್ಲ. 1992ರಲ್ಲಿ ಕೇರಳದಲ್ಲಿ ಹುಟ್ಟಿದ ಭಾರತೀಯ ಆಲ್ಝೈಮರ್ ಸಂಘವು ಸರ್ಕಾರದ್ದಲ್ಲದಿದ್ದರೂ, ಹಲವು ನಗರಗಳಲ್ಲಿ ಅದರ ಶಾಖೆಗಳಿದ್ದು, ಆರೈಕೆದಾರರು ಕಲೆತು ಮಾತಾಡುವ ಅವಕಾಶ ಕಲ್ಪಿಸುತ್ತಿವೆ.

ತೆರಿಗೆಯಲ್ಲಿ ರಿಯಾಯಿತಿ

ಸಂಬಳದಾರರು ತಿಳಿಯದೆ ಕಳೆದುಕೊಳ್ಳುತ್ತಿರುವ ಸೌಲಭ್ಯವೊಂದುಂಟು. 1961ರ ಆದಾಯ ತೆರಿಗೆ ಕಾಯಿದೆಯ 80-ಡಿಡಿಬಿ ಕಲಮಿನ ನಿಯಮಗಳಲ್ಲಿ ಡಿಮೆನ್ಷಿಯಾವನ್ನು ಹೆಸರಿಸಿಯೇ ಸೇರಿಸಲಾಗಿತ್ತು. ವೈಕಲ್ಯ ಶೇಕಡಾ 40ಕ್ಕೆ ಮುಟ್ಟಿರಬೇಕು, ನರರೋಗ ತಜ್ಞರ ಬರಹ ಇರಬೇಕು. ರೋಗಿಯು ಹಿರಿಯ ನಾಗರಿಕರಾಗಿದ್ದರೆ ಚಿಕಿತ್ಸೆಯ ಖರ್ಚಿನಲ್ಲಿ 1 ಲಕ್ಷ ರೂಪಾಯಿಗಳವರೆಗೆ ವರಮಾನದಿಂದ ಕಳೆಯಬಹುದು. ಅವಲಂಬಿತ ವಿಕಲರನ್ನು ಪೋಷಿಸುವವರಿಗೆ 80-ಡಿಡಿ ಕಲಮಿನಲ್ಲಿ 75,000, ವೈಕಲ್ಯ ಶೇಕಡಾ 80ನ್ನು ಮುಟ್ಟಿದ್ದರೆ 1,25,000 ರೂಪಾಯಿಗಳ ಕಡಿತವಿತ್ತು. ಇವು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. 2025ರ ಹೊಸ ಆದಾಯ ತೆರಿಗೆ ಕಾಯಿದೆಗೆ 2026ರ ಏಪ್ರಿಲ್ 1 ಜಾರಿಯ ದಿನವಾದುದರಿಂದ ಕಲಮಿನ ಸಂಖ್ಯೆಗಳು ಬದಲಾಗಿವೆ. ಲೆಕ್ಕಪತ್ರ ನೋಡುವವರಲ್ಲಿ ವಿಚಾರಿಸಿಯೇ ಮುಂದುವರಿಯತಕ್ಕದ್ದು.

ಕೈ ಬರೆಯಬಲ್ಲಾಗಲೇ

ಹಣಕಾಸಿನ ವಿಷಯದಲ್ಲಿ ಮಧ್ಯಮವರ್ಗದ ಮನೆಗಳು ಎಡವುವುದು ಒಂದೇ ಕಲ್ಲಿಗೆ: ಅಧಿಕಾರಪತ್ರ. ತಂದೆ ಮಗನ ಹೆಸರಿಗೆ ಮುಖ್ತಿಯಾರನಾಮೆ ಬರೆದುಕೊಟ್ಟಿದ್ದಾರೆ, ಇನ್ನು ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. ಆದರೆ 1872ರ ಕರಾರು ಕಾಯಿದೆಯ 201ನೆಯ ಕಲಮಿನಂತೆ, ಅಧಿಕಾರ ಕೊಟ್ಟವನು ಸ್ವಸ್ಥಚಿತ್ತನಾಗಿ ಉಳಿಯದಿದ್ದರೆ ಆ ಅಧಿಕಾರವೂ ಮುಗಿಯುತ್ತದೆ. ಯಾವ ಹೊತ್ತಿನಲ್ಲಿ ಅದರ ಅಗತ್ಯ ನಿಜವಾಗಿ ಬೀಳುವುದೋ ಆ ಹೊತ್ತಿಗೇ ಅದು ಕೈಕೊಡುತ್ತದೆ. ಬ್ಯಾಂಕಿನ ನಾಮನಿರ್ದೇಶನವೂ ಖಾತೆದಾರರ ಮರಣಾನಂತರವೇ ಉಪಯೋಗಕ್ಕೆ ಬರುವಂಥದು. ರೋಗದ ಮೊದಲ ಹಂತದಲ್ಲಿಯೇ ಖಾತೆಯನ್ನು ಇಬ್ಬರಲ್ಲಿ ಯಾರಾದರೊಬ್ಬರು ನಡೆಸಬಹುದಾದ ಜಂಟಿ ಖಾತೆಯಾಗಿ ಮಾರ್ಪಡಿಸಿಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ. ಉಯಿಲನ್ನೂ ಬುದ್ಧಿ ಸ್ಪಷ್ಟವಿರುವಾಗಲೇ, ವೈದ್ಯರೊಬ್ಬರ ಸಾಕ್ಷಿಯೊಂದಿಗೆ ಬರೆಸುವುದು ಕ್ಷೇಮ. ಇಲ್ಲವಾದರೆ ಮುಂದೆ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಖಂಡಿತ.

ಸಮಯ ಮೀರಿದ್ದರೆ? ಆಟಿಸಂ, ಬುದ್ಧಿಮಾಂದ್ಯ ಮೊದಲಾದವುಗಳಿಗೆ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಸುಲಭ ಮಾರ್ಗವಿದೆ. ಡಿಮೆನ್ಷಿಯಾ ಅದರ ವ್ಯಾಪ್ತಿಯಲ್ಲಿಲ್ಲ. ಹೀಗಾಗಿ ಕುಟುಂಬದವರು ಉಚ್ಚ ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ. ಮುಂಬಯಿ ಉಚ್ಚ ನ್ಯಾಯಾಲಯವು ಇಂಥ ಪ್ರಕರಣಗಳಲ್ಲಿ ಮಡದಿಯನ್ನೋ ಮಕ್ಕಳನ್ನೋ ಪಾಲಕರೆಂದು ನೇಮಿಸಿದ ನಿದರ್ಶನಗಳಿವೆ. ಹೆಂಡತಿಯೊಬ್ಬಳು ಗಂಡನ ಉಳಿತಾಯದಿಂದಲೇ ಗಂಡನ ಔಷಧಕ್ಕೆ ಹಣ ತೆಗೆಯಲು ಉಚ್ಚ ನ್ಯಾಯಾಲಯದ ಅಪ್ಪಣೆ ಪಡೆಯಬೇಕಾದ ಸ್ಥಿತಿ ಯಾವ ದೃಷ್ಟಿಯಿಂದಲೂ ಮೆಚ್ಚತಕ್ಕದ್ದಲ್ಲ.

ಚಿಕಿತ್ಸೆಯ ವಿಷಯದಲ್ಲಿ ಮಾತ್ರ 2017ರ ಮಾನಸಿಕ ಆರೋಗ್ಯರಕ್ಷಣಾ ಕಾಯಿದೆ ಉದಾರವಾಗಿದೆ. ಸಾದಾ ಕಾಗದದ ಮೇಲೆ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿ ತನ್ನ ಪ್ರತಿನಿಧಿಯನ್ನು ಹೆಸರಿಸಬಹುದು.

ಪಿಂಚಣಿದಾರರಿಗೆ ನವೆಂಬರ್ ತಿಂಗಳ ಜೀವಿತ ಪ್ರಮಾಣಪತ್ರ ಒಂದು ಪರೀಕ್ಷೆಯೇ ಸರಿ. 2021ರಿಂದ ಮುಖದ ಚಿತ್ರದ ಮೂಲಕ ಮನೆಯಲ್ಲಿದ್ದೇ ಇದನ್ನು ಸಲ್ಲಿಸಲು ಅವಕಾಶವಿದೆ. 70 ಮೀರಿದವರಿಗೂ ಅಶಕ್ತರಿಗೂ ಮನೆಬಾಗಿಲಲ್ಲಿ ಮೂಲಭೂತ ಸೇವೆ ಒದಗಿಸುವಂತೆ ರಿಸರ್ವ್ ಬ್ಯಾಂಕು 2017ರಲ್ಲಿಯೇ ಬ್ಯಾಂಕುಗಳಿಗೆ ಸೂಚಿಸಿದೆ. ಕೇಳಿದವರಿಗೆ ಮಾತ್ರ ಇದು ಸಿಗುತ್ತದೆ.

ಒಬ್ಬರ ಮೇಲೆಯೇ ಭಾರ ಬಿದ್ದಾಗ

ಮೂವರು ಮಕ್ಕಳಿದ್ದರೂ ತಾಯಿ ಒಬ್ಬನ ಮನೆಯಲ್ಲಿಯೇ ಉಳಿಯುವುದು ಲೋಕಾರೂಢಿ. ಉಳಿದಿಬ್ಬರು ಹಬ್ಬಕ್ಕೆ ಫೋನು ಮಾಡುತ್ತಾರೆ; ‘ಅಮ್ಮ ಚೆನ್ನಾಗಿಯೇ ಮಾತಾಡಿದಳಲ್ಲ’ ಎಂದು ಸೊಸೆಯನ್ನೇ ಅನುಮಾನಿಸುವುದೂ ಉಂಟು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯ ಪ್ರಕಾರ ನ್ಯಾಯಮಂಡಳಿಯ ಮುಂದೆ ಅರ್ಜಿ ಬಂದಾಗ, ಪೋಷಿಸುವ ಹೊಣೆಯುಳ್ಳ ಇತರರನ್ನೂ ಪಕ್ಷಗಾರರನ್ನಾಗಿ ಸೇರಿಸಲು ಅವಕಾಶವಿದೆ. ತಂದೆತಾಯಿ ವಾಸವಿರುವ ಜಿಲ್ಲೆಯಲ್ಲಾಗಲಿ ಮಕ್ಕಳು ಇರುವ ಜಿಲ್ಲೆಯಲ್ಲಾಗಲಿ ಅರ್ಜಿ ಕೊಡಬಹುದು. ಬಹುಮಂದಿ ಅಲ್ಲಿಯವರೆಗೆ ಹೋಗಲು ಇಚ್ಛಿಸರು. ಆದರೂ ಅಂಥ ಕಾಯಿದೆಯೊಂದು ಇದೆಯೆಂಬ ಮಾತು ಕಿವಿಗೆ ಬಿದ್ದರೆ ಖರ್ಚು ಹಂಚಿಕೊಳ್ಳುವ ಮನಸ್ಸು ಹುಟ್ಟುವುದುಂಟು.

ದಣಿದ ಆರೈಕೆದಾರರು ಕರೆ ಮಾಡಬಹುದಾದ ಎರಡು ಸಂಖ್ಯೆಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆಯ ಸಂಖ್ಯೆ 14416. ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತ, ಕನ್ನಡವೂ ಅದರ ಭಾಷೆಗಳಲ್ಲೊಂದು. ರೋಗಿಯ ಸಲುವಾಗಿಯಷ್ಟೇ ಅಲ್ಲದೆ ನಿದ್ದೆಗೆಟ್ಟು ಬೇಸತ್ತ ಸೊಸೆಯು ತನ್ನ ಸಲುವಾಗಿಯೂ ಕರೆಯಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಪಿಂಚಣಿ, ಕಾನೂನು, ವೃದ್ಧಾಶ್ರಮ, ನಿರ್ಗತಿಕ ವೃದ್ಧರ ರಕ್ಷಣೆಗಳ ವಿಷಯದಲ್ಲಿ ಅದು ನೆರವಾಗುತ್ತದೆ.

ದಾರಿ ತಪ್ಪಿ ಹೋಗುವ ಅಪಾಯ ಮಹಾನಗರಗಳಲ್ಲಿ ಬೇರೆ ಎಲ್ಲ ಅಪಾಯಗಳಿಗಿಂತ ದೊಡ್ಡದು. ಲೋಕಲ್ ಗಾಡಿ ಹತ್ತಿದ ವೃದ್ಧರು ಒಂದು ಗಂಟೆಯಲ್ಲಿ ಐವತ್ತು ಕಿಲೋಮೀಟರು ದೂರ ಇರಬಲ್ಲರು. ದಿಲ್ಲಿಯಲ್ಲಿ ಪೋಲೀಸರಲ್ಲಿ ಹಿರಿಯ ನಾಗರಿಕರ ಹೆಸರು ನೋಂದಾಯಿಸುವ ವ್ಯವಸ್ಥೆಯಿದೆ; ಉಳಿದ ನಗರಗಳಲ್ಲಿ ಹತ್ತಿರದ ಠಾಣೆಯಲ್ಲಿ ವಿಚಾರಿಸಬೇಕು. ಇತ್ತೀಚಿನ ಭಾವಚಿತ್ರವೊಂದನ್ನು ಸಿದ್ಧವಾಗಿಟ್ಟಿರಬೇಕು. ಮನೆಯಲ್ಲಿಯೇ ಮಾಡಬಹುದಾದ ಏರ್ಪಾಟು ಇನ್ನೊಂದಿದೆ. ಅಂಗಿಯ ಒಳಜೇಬಿನಲ್ಲಿ, ಸೀರೆಯಾದರೆ ರವಿಕೆಯ ಒಳಗೆ ಹೊಲಿದ ಬಟ್ಟೆಯ ತುಂಡಿನ ಮೇಲೆ, ಹೆಸರು ಮತ್ತು ಇಬ್ಬರ ದೂರವಾಣಿ ಸಂಖ್ಯೆ ಇರಲಿ. ಅದನ್ನು ಬರೆಯಬೇಕಾದದ್ದು ಕನ್ನಡದಲ್ಲಲ್ಲ, ಮರಾಠಿ, ತಮಿಳು, ತೆಲುಗು ಇಲ್ಲವೆ ಹಿಂದಿಯಲ್ಲಿ. ಅದರ ಕೆಳಗೆ ‘ಇವರಿಗೆ ಕನ್ನಡ ಮಾತ್ರ ಬರುತ್ತದೆ’ ಎಂಬ ಒಂದು ಸಾಲು.